ಕನ್ನಡದ ಕ್ರಿಯಾರೂಪಗಳು ಮತ್ತು ಬ್ಲಾಕ್ ಕೋಡಿಂಗ್: ಡ್ರೋನ್ ಹಾರಾಟದ ಸಿಮ್ಯುಲೇಟರಿನ ನಿದರ್ಶನ

1. ಪೀಠಿಕೆ

ವಿಜ್ಞಾನವನ್ನು ದೇಶಭಾಷೆಯಲ್ಲಿ ಬೋಧಿಸಬಹುದೆ ಎಂಬ ಪ್ರಶ್ನೆ ಹೈದರಾಬಾದಿಗೆ ಹೊಸದಲ್ಲ. 1917ರಲ್ಲಿ ಈ ನಗರದಲ್ಲಿ ಆರಂಭವಾದ ಭಾಷಾಂತರ ಸಂಸ್ಥೆಯೂ 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯವೂ ಆ ಪ್ರಶ್ನೆಗೆ ಕಾರ್ಯರೂಪದ ಉತ್ತರವನ್ನೇ ನೀಡಿದ್ದವು. ವೈದ್ಯಶಾಸ್ತ್ರದವರೆಗಿನ ವಿಷಯಗಳು ಇಲ್ಲಿ ಉರ್ದುವಿನಲ್ಲಿ ಬೋಧಿಸಲ್ಪಟ್ಟವು. ಆದರೆ ಹೈದರಾಬಾದ್ ಸಂಸ್ಥಾನದ ಬಹುಸಂಖ್ಯಾತ ಜನರ ಮನೆಮಾತು ತೆಲುಗು, ಮರಾಠಿ, ಕನ್ನಡಗಳಾಗಿದ್ದವು. ಕಲಬುರಗಿ, ಬೀದರ, ರಾಯಚೂರುಗಳಿಂದ ಇಲ್ಲಿಗೆ ಬಂದ ಕನ್ನಡ ವಿದ್ಯಾರ್ಥಿಗೆ ಉರ್ದು ತಾನು ದಾಟಬೇಕಾದ ಇನ್ನೊಂದು ಹೊಳೆಯೇ ಆಗಿತ್ತು. ಆ ಪ್ರಯೋಗದಿಂದ ದೊರೆಯುವ ಪಾಠಗಳು ಎರಡು. ದೇಶಭಾಷೆಗೆ ಶಾಸ್ತ್ರವನ್ನು ಹೊರುವ ಶಕ್ತಿಯಿದೆ ಎಂಬುದು ಒಂದು. ದೇಶಭಾಷೆ ಎಂದೊಡನೆ ಅದು ಎಲ್ಲ ಮಕ್ಕಳ ಭಾಷೆಯಾಗುವುದಿಲ್ಲ ಎಂಬುದು ಇನ್ನೊಂದು.

ಇಂದು ಅದೇ ಪ್ರಶ್ನೆ ಹೊಸ ವೇಷದಲ್ಲಿ ಬಂದಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಮಾಧ್ಯಮಿಕ ಹಂತದಿಂದಲೇ ಮಕ್ಕಳಿಗೆ ಕೋಡಿಂಗ್ ಚಟುವಟಿಕೆಗಳನ್ನು ಪರಿಚಯಿಸಬೇಕೆಂದು ಹೇಳುತ್ತದೆ. ಸಾಧ್ಯವಾದಲ್ಲೆಲ್ಲ ಕನಿಷ್ಠ ಐದನೆಯ ತರಗತಿಯವರೆಗೆ, ಮೇಲಾಗಿ ಎಂಟನೆಯ ತರಗತಿಯವರೆಗೂ, ಮನೆಮಾತಿನಲ್ಲಿ ಬೋಧಿಸಬೇಕೆಂಬ ಮಾತೂ ಅದೇ ನೀತಿಯಲ್ಲಿದೆ. ಈ ಎರಡು ಆಶಯಗಳು ಒಂದೆಡೆ ಕೂಡುವ ಜಾಗ ಯಾವುದು? ಕೋಡಿಂಗನ್ನು ಬ್ಲಾಕ್‌ಗಳ ಮೂಲಕ ಕಲಿಸುವ ಕ್ರಮವೇ ಆ ಜಾಗವೆಂದೂ, ಅಲ್ಲಿ ಕನ್ನಡಕ್ಕೆ ಬೇಕಾಗಿರುವುದು ಪಾರಿಭಾಷಿಕ ಪದಗಳ ಪಟ್ಟಿಗಿಂತ ಮುಖ್ಯವಾಗಿ ಕನ್ನಡ ಕ್ರಿಯಾರೂಪಗಳ ಸರಿಯಾದ ತಿಳಿವಳಿಕೆಯೆಂದೂ ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಡ್ರೋನ್ ಹಾರಾಟದ ಸಿಮ್ಯುಲೇಟರನ್ನು ನಿದರ್ಶನವಾಗಿ ಆರಿಸಿಕೊಳ್ಳಲಾಗಿದೆ.

2. ಬ್ಲಾಕ್ ಕೋಡಿಂಗಿನ ಸ್ವರೂಪ

ಕಂಪ್ಯೂಟರಿಗೆ ಕೊಡುವ ಆಜ್ಞೆಗಳನ್ನು ಅಕ್ಷರಗಳಲ್ಲಿ ಬರೆಯುವಾಗ ಒಂದು ಅಲ್ಪವಿರಾಮ ತಪ್ಪಿದರೂ ಇಡೀ ಬರಹ ನಿಷ್ಫಲವಾಗಬಹುದು. ಈ ತೊಡಕನ್ನು ನಿವಾರಿಸಲು, ಪ್ರತಿಯೊಂದು ಆಜ್ಞೆಯನ್ನೂ ಬಣ್ಣದ ಒಂದು ಬಿಲ್ಲೆಯಂತೆ ಪರದೆಯ ಮೇಲೆ ಇರಿಸಿ, ಮಕ್ಕಳು ಅವನ್ನು ಒಂದರ ಕೆಳಗೊಂದು ಜೋಡಿಸುವಂತೆ ಮಾಡಿರುವುದೇ ಬ್ಲಾಕ್ ಪದ್ಧತಿ. ಒಂದರ ಉಬ್ಬು ಇನ್ನೊಂದರ ತಗ್ಗಿಗೆ ಹೊಂದಿದರೆ ಮಾತ್ರ ಬ್ಲಾಕ್‌ಗಳು ಕೂಡುತ್ತವೆ. ಸಂಖ್ಯೆ ಬರಬೇಕಾದಲ್ಲಿ ದುಂಡಗಿನ ಖಾಲಿ ಸ್ಥಳ, ಷರತ್ತು ಬರಬೇಕಾದಲ್ಲಿ ಮೊನಚು ತುದಿಯ ಖಾಲಿ ಸ್ಥಳ, ಮತ್ತೆ ಮತ್ತೆ ನಡೆಯಬೇಕಾದ ಆಜ್ಞೆಗಳನ್ನು ಒಳಗಿರಿಸಿಕೊಳ್ಳಲು ಬಾಯಿ ತೆರೆದ ಬ್ಲಾಕ್, ಹೀಗೆ ಆಕಾರವೇ ವ್ಯಾಕರಣದ ಕೆಲಸವನ್ನು ಮಾಡುತ್ತದೆ.

ಇದರ ಹಿಂದೆ ದೀರ್ಘವಾದ ಶಿಕ್ಷಣ ಚಿಂತನೆಯಿದೆ. 1967ರಲ್ಲಿ ವಾಲಿ ಫ್ಯೂರ್ಜೈಗ್, ಸೀಮೋರ್ ಪ್ಯಾಪರ್ಟ್, ಸಿಂಥಿಯಾ ಸೊಲೊಮನ್ ಮೊದಲಾದವರು ಮಕ್ಕಳಿಗಾಗಿ ಲೋಗೋ ಎಂಬ ಭಾಷೆಯನ್ನು ರೂಪಿಸಿದರು. ಮುಂದೆ ಅದಕ್ಕೆ ಆಮೆಯೊಂದು ಸೇರಿತು. 'ಮುಂದೆ ಹೋಗು', 'ಬಲಕ್ಕೆ ತಿರುಗು' ಎಂದರೆ ಆಮೆ ಅಂತೆಯೇ ನಡೆದು ಗೆರೆ ಎಳೆಯುತ್ತಿತ್ತು. ಮಗು ತನ್ನನ್ನೇ ಆಮೆಯಾಗಿ ಭಾವಿಸಿಕೊಂಡು ರೇಖಾಗಣಿತವನ್ನು ಮೈಯಿಂದ ಅರಿಯುತ್ತದೆಂಬುದು 1980ರಲ್ಲಿ ಪ್ರಕಟವಾದ ಪ್ಯಾಪರ್ಟರ 'ಮೈಂಡ್‌ಸ್ಟಾರ್ಮ್ಸ್' ಗ್ರಂಥದ ಮುಖ್ಯ ಪ್ರತಿಪಾದನೆಗಳಲ್ಲಿ ಒಂದು. 2007ರಲ್ಲಿ ಎಂಐಟಿಯ ಮಿಚೆಲ್ ರೆಸ್ನಿಕ್ ಮತ್ತು ಸಂಗಡಿಗರು ಹೊರತಂದ ಸ್ಕ್ರ್ಯಾಚ್, 2012ರಲ್ಲಿ ಗೂಗಲ್ ಪ್ರಕಟಿಸಿದ ಬ್ಲಾಕ್ಲಿ ಇವು ಆ ಪರಂಪರೆಯ ಮುಂದುವರಿಕೆಗಳು. ಡ್ರೋನನ್ನು ಆ ಆಮೆಗೆ ರೆಕ್ಕೆ ಬಂದ ರೂಪವೆಂದು ತಿಳಿಯಬಹುದು.

ಕನ್ನಡದ ವಿದ್ಯಾರ್ಥಿಗಳಿಗೆ ಈ ಬಗೆಯ ಆಲೋಚನೆ ಅಪರಿಚಿತವೆಂದು ತಿಳಿಯಬೇಕಾಗಿಲ್ಲ. ಛಂದಸ್ಸಿನ ತರಗತಿಯಲ್ಲಿ ಮೂರಕ್ಷರದ ಗಣಗಳನ್ನು ಪ್ರಸ್ತರಿಸುವ ಕ್ರಮವನ್ನು ನೆನೆಯಿರಿ. ಮೊದಲ ಸಾಲಿನಲ್ಲಿ ಎಲ್ಲವೂ ಗುರು. ಮೇಲಿನ ಸಾಲಿನ ಎಡಗಡೆಯ ಮೊದಲ ಗುರುವಿನ ಕೆಳಗೆ ಲಘುವನ್ನು ಬರೆ. ಅದರ ಬಲಕ್ಕಿರುವುದನ್ನು ಮೇಲಿನಂತೆಯೇ ಇಳಿಸು. ಎಡಕ್ಕೆ ಉಳಿದ ಸ್ಥಾನಗಳನ್ನು ಗುರುವಿನಿಂದ ತುಂಬು. ಎಲ್ಲವೂ ಲಘುವಾಗುವ ತನಕ ಹೀಗೆಯೇ ಮಾಡು. ಮಗಣದಿಂದ ಹೊರಟು ನಗಣದಲ್ಲಿ ನಿಲ್ಲುವ ಈ ವಿಧಾನದಿಂದ ಎಂಟು ಗಣಗಳು ಒಂದೂ ಬಿಡದೆ, ಒಂದೂ ಮರುಕಳಿಸದೆ ದೊರೆಯುತ್ತವೆ. ಆರಂಭ, ನಿಯಮ, ಆವೃತ್ತಿ, ನಿಲುಗಡೆಯ ಷರತ್ತು ಎಂಬ ನಾಲ್ಕು ಅಂಗಗಳೂ ಇಲ್ಲಿವೆ. ಕೋಡಿಂಗ್ ಎಂದರೆ ತತ್ತ್ವತಃ ಇದೇ.

3. ಸಿಮ್ಯುಲೇಟರ್ ಏಕೆ?

ಹೈದರಾಬಾದಿನ ಸುತ್ತ ಡ್ರೋನ್ ಇಂದು ಅಪರೂಪದ ವಸ್ತುವಲ್ಲ. 2021ರ ಸೆಪ್ಟೆಂಬರಿನಲ್ಲಿ ವಿಕಾರಾಬಾದ್ ಜಿಲ್ಲೆಯಲ್ಲಿ ಡ್ರೋನ್ ಮೂಲಕ ಔಷಧ ಸಾಗಿಸುವ ಪ್ರಯೋಗ ಆರಂಭವಾಯಿತು. ಸಂಗಾರೆಡ್ಡಿ ಜಿಲ್ಲೆಯ ಕಂದಿಯಲ್ಲಿರುವ ಐಐಟಿ ಹೈದರಾಬಾದಿನಲ್ಲಿ ಚಾಲಕರಹಿತ ವಾಹನಗಳ ಸಂಶೋಧನೆಗಾಗಿ ತಿಹಾನ್ ಎಂಬ ಕೇಂದ್ರವಿದೆ. ವಿಕಾರಾಬಾದ್ ಜಿಲ್ಲೆ ಕಲಬುರಗಿಗೂ, ಸಂಗಾರೆಡ್ಡಿ ಜಿಲ್ಲೆ ಬೀದರಕ್ಕೂ ಹೊಂದಿಕೊಂಡಿವೆ. ಎಂದರೆ ಕನ್ನಡ ಕೇಳಿಬರುವ ಸೀಮೆಯ ಅಂಚಿನಲ್ಲೇ ಈ ವಿದ್ಯೆ ಬೆಳೆಯುತ್ತಿದೆ.

ಆದರೆ ವಿದ್ಯಾರ್ಥಿಗಳು ನಿಜವಾದ ಡ್ರೋನನ್ನು ಬಯಲಿನಲ್ಲಿ ಹಾರಿಸಿ ಕಲಿಯುವುದು ಈ ನಗರದಲ್ಲಿ ಸುಲಭವಲ್ಲ. ಬೇಗಂಪೇಟೆ, ಹಕೀಂಪೇಟೆ, ದುಂಡಿಗಲ್, ಶಂಷಾಬಾದ್ ಎಂದು ನಾಲ್ಕು ಕಡೆ ವಿಮಾನಗಳು ಇಳಿಯುವ ನೆಲೆಗಳಿವೆ. 2021ರ ಡ್ರೋನ್ ನಿಯಮಗಳ ಪ್ರಕಾರ ಕಾರ್ಯನಿರತ ವಿಮಾನ ನಿಲ್ದಾಣದ ಆವರಣದಿಂದ 8 ಕಿ.ಮೀ. ಒಳಗಿನ ಆಕಾಶದಲ್ಲಿ ಅನುಮತಿಯಿಲ್ಲದೆ ಹಾರಿಸುವಂತಿಲ್ಲ. 8ರಿಂದ 12 ಕಿ.ಮೀ. ನಡುವೆ 200 ಅಡಿಯ ಮಿತಿಯಿದೆ. ಡ್ರೋನ್ ಚಾಲಕ ಪ್ರಮಾಣಪತ್ರ ಪಡೆಯಲು 18 ವರ್ಷ ತುಂಬಿರಬೇಕು; ಅತಿ ಚಿಕ್ಕ ಡ್ರೋನ್‌ಗಳಿಗೆ ಮಾತ್ರ ವಿನಾಯಿತಿಯಿದೆ. ಇವುಗಳ ಜೊತೆಗೆ ಬೆಲೆಯ ಪ್ರಶ್ನೆಯೂ ಗಾಯದ ಭಯವೂ ಸೇರುತ್ತವೆ. ಆದಕಾರಣ ಪರದೆಯ ಮೇಲೆ ಹಾರುವ ಡ್ರೋನೇ ಮೊದಲ ಪಾಠಕ್ಕೆ ತಕ್ಕುದು.

ಸಿಮ್ಯುಲೇಟರ್ ಬರಿಯ ಚಲಚ್ಚಿತ್ರವಲ್ಲ. ನಾಲ್ಕು ರೆಕ್ಕೆಯ ಡ್ರೋನಿನಲ್ಲಿ ಕರ್ಣರೇಖೆಯ ಎರಡು ರೆಕ್ಕೆಗಳು ಒಂದು ದಿಕ್ಕಿಗೂ ಉಳಿದೆರಡು ಎದುರು ದಿಕ್ಕಿಗೂ ಸುತ್ತುತ್ತವೆ. ನಾಲ್ಕರ ವೇಗವೂ ಹೆಚ್ಚಿದರೆ ಅದು ಏರುತ್ತದೆ. ಹಿಂದಿನೆರಡರ ವೇಗ ಹೆಚ್ಚಿದರೆ ಮುಂದಕ್ಕೆ ಬಾಗಿ ಸಾಗುತ್ತದೆ. ಒಂದು ಕರ್ಣದ ಜೋಡಿಯ ವೇಗ ಹೆಚ್ಚಿ ಇನ್ನೊಂದರದು ಕಡಿಮೆಯಾದರೆ ಇದ್ದಲ್ಲೇ ತಿರುಗುತ್ತದೆ. ಸಿಮ್ಯುಲೇಟರ್ ಈ ಬಲಗಳನ್ನು ಸೆಕೆಂಡಿನ ಸಣ್ಣ ಸಣ್ಣ ಭಾಗಗಳಲ್ಲಿ ಮತ್ತೆ ಮತ್ತೆ ಲೆಕ್ಕ ಹಾಕಿ ಡ್ರೋನಿನ ಮುಂದಿನ ಸ್ಥಾನವನ್ನು ತೋರಿಸುತ್ತದೆ. ಭಾಷೆಯ ವಿದ್ಯಾರ್ಥಿಗೆ ಮುಖ್ಯವಾದ ಸಂಗತಿಯೆಂದರೆ, ಇಲ್ಲಿ ವಾಕ್ಯಾರ್ಥ ಕಣ್ಣಿಗೆ ಕಾಣುತ್ತದೆ. ವಾಕ್ಯ ತಪ್ಪಿದರೆ ಡ್ರೋನ್ ಗೋಡೆಗೆ ಬಡಿಯುತ್ತದೆ. ಮರುಕ್ಷಣ ಅದನ್ನು ನೆಲಕ್ಕೆ ತಂದಿರಿಸಿ ವಾಕ್ಯವನ್ನು ತಿದ್ದಬಹುದು.

4. ಆಜ್ಞೆಯ ವಾಕ್ಯ: ಕ್ರಿಯಾಪದದ ಸ್ಥಾನ

ಇಂಗ್ಲಿಷಿನ ಬ್ಲಾಕ್‌ನಲ್ಲಿ ಕ್ರಿಯಾಪದ ಮೊದಲು, ದಿಕ್ಕು ಅನಂತರ, ಅಳತೆ ಕೊನೆಗೆ ಬರುತ್ತದೆ. ಅದೇ ಕ್ರಮವನ್ನಿರಿಸಿಕೊಂಡು ಪದಗಳನ್ನು ಮಾತ್ರ ಬದಲಿಸಿದರೆ 'ಸಾಗು ಮುಂದಕ್ಕೆ 100' ಎಂಬ ರೂಪ ದೊರೆಯುತ್ತದೆ. ಇದು ಕನ್ನಡ ಪದಗಳ ಸಾಲೇ ಹೊರತು ಕನ್ನಡದ ಗದ್ಯವಾಕ್ಯವಲ್ಲ. '100 ಸೆಂ.ಮೀ. ಮುಂದಕ್ಕೆ ಸಾಗು' ಎಂಬುದು ಕನ್ನಡದ ಮಾತು. ಬ್ಲಾಕ್ಲಿಯಂತಹ ವ್ಯವಸ್ಥೆಗಳಲ್ಲಿ ಬ್ಲಾಕ್‌ನ ಮೇಲಿನ ವಾಕ್ಯವನ್ನು ಅನುವಾದಿಸುವಾಗ ಖಾಲಿ ಸ್ಥಳಗಳ ಸ್ಥಾನವನ್ನು ಸಾಮಾನ್ಯವಾಗಿ ಬದಲಿಸಲು ಅವಕಾಶವಿದೆ. ಆದುದರಿಂದ ಈ ದೋಷಕ್ಕೆ ಯಂತ್ರ ಕಾರಣವಲ್ಲ, ಅನುವಾದಕರ ಅನವಧಾನ ಕಾರಣ.

ವಿಧ್ಯರ್ಥದ ಏಕವಚನವನ್ನೇ ಬಳಸುವುದು ಯುಕ್ತ. ಗೌರವಕ್ಕಾಗಿ 'ಏರಿ' ಎಂದು ಬರೆದರೆ ಅದು 'ಏರಿದ ಬಳಿಕ' ಎಂಬ ಅರ್ಥದ ಕೃದಂತಾವ್ಯಯದೊಡನೆ ಬೆರೆತುಹೋಗುತ್ತದೆ. 'ಏರು', 'ಏರಿಸು' ಎಂಬ ಭೇದವೂ ಗಮನಾರ್ಹ. 'ಏರು' ಎನ್ನುವಾಗ ಮಗು ಡ್ರೋನಿನೊಡನೆಯೇ ಮಾತನಾಡುತ್ತದೆ. 'ಏರಿಸು' ಎನ್ನುವಾಗ ನಡುವಿನ ಯಾರಿಗೋ ಅಪ್ಪಣೆ ಕೊಡುತ್ತದೆ. ಪ್ಯಾಪರ್ಟರು ಬಯಸಿದ ತಾದಾತ್ಮ್ಯಕ್ಕೆ ಮೊದಲನೆಯದೇ ಒಪ್ಪುವಂಥದು.

'ನಿಲ್ಲು' ಎಂಬ ಧಾತುವಿನ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಗಾಳಿಯಲ್ಲಿ ಒಂದೆಡೆ ಸ್ಥಿರವಾಗಿರುವುದೂ 'ನಿಲ್ಲು', ಮೋಟಾರು ಕೆಲಸ ಬಿಡುವುದೂ 'ನಿಲ್ಲು'. ನೆಲದ ವಾಹನದಲ್ಲಿ ಈ ಎರಡರ ಅಂತರ ಅಷ್ಟು ಮುಖ್ಯವಲ್ಲ; ಆಕಾಶದಲ್ಲಿ ಎರಡನೆಯದು ಪತನ. 'ಇದ್ದಲ್ಲೇ ನಿಲ್ಲು', 'ಮೋಟಾರು ನಿಲ್ಲಿಸು' ಎಂದು ಪ್ರೇರಣಾರ್ಥಕ ಪ್ರತ್ಯಯದ ನೆರವಿನಿಂದ ಇವನ್ನು ಬೇರ್ಪಡಿಸಬೇಕು. ಹಾಗೆಯೇ 'ಎಡಕ್ಕೆ ಸರಿ' ಎಂದರೆ ಮುಖ ಬದಲಿಸದೆ ಪಕ್ಕಕ್ಕೆ ಹೋಗುವುದು, 'ಎಡಕ್ಕೆ ತಿರುಗು' ಎಂದರೆ ಇದ್ದಲ್ಲೇ ಮುಖ ಬದಲಿಸುವುದು. ಸರಿ, ತಿರುಗು, ಸುತ್ತು, ವಾಲು, ಬಾಗು, ಏರು, ಇಳಿ, ಸಾಗು: ಹಾರಾಟಕ್ಕೆ ಬೇಕಾದ ಧಾತುಗಳೆಲ್ಲ ನಮ್ಮ ದಿನಬಳಕೆಯಲ್ಲೇ ಇವೆ. ಸಂಸ್ಕೃತದಿಂದ ಹೊಸ ಪದಗಳನ್ನು ಟಂಕಿಸುವ ಅಗತ್ಯ ಇಲ್ಲಿ ಬೀಳುವುದೇ ಇಲ್ಲ.

5. ನಿಯಂತ್ರಣದ ಬ್ಲಾಕ್‌ಗಳು: ಪದವಲ್ಲ, ಪ್ರತ್ಯಯ

ಕೋಡಿಂಗಿನ ಜೀವಾಳ ನಿಯಂತ್ರಣದ ಬ್ಲಾಕ್‌ಗಳಲ್ಲಿದೆ. ಯಾವುದು ಮೊದಲು, ಯಾವುದು ಆಮೇಲೆ; ಏನಾದರೆ ಏನು; ಎಷ್ಟು ಸಲ, ಎಲ್ಲಿಯ ತನಕ ಎಂಬುದನ್ನು ಅವು ನಿರ್ಧರಿಸುತ್ತವೆ. ಇಂಗ್ಲಿಷಿನಲ್ಲಿ ಈ ಕೆಲಸವನ್ನು ವಾಕ್ಯದ ತಲೆಯಲ್ಲಿ ನಿಲ್ಲುವ ಇಫ್, ವೈಲ್, ಅಂಟಿಲ್ ಎಂಬ ಬಿಡಿ ಪದಗಳು ಮಾಡುತ್ತವೆ. ಕನ್ನಡದಲ್ಲಿ ಈ ಸಂಬಂಧಗಳು ಬಹುಮಟ್ಟಿಗೆ ಧಾತುವಿಗೆ ಹತ್ತುವ ಪ್ರತ್ಯಯಗಳಿಂದಲೂ ಕ್ರಿಯಾರೂಪದ ಬೆನ್ನಿಗೆ ನಿಲ್ಲುವ ಪದಗಳಿಂದಲೂ ಸಿದ್ಧಿಸುತ್ತವೆ. 'ಏರು' ಎಂಬ ಒಂದೇ ಧಾತುವಿನ ರೂಪಗಳನ್ನು ಪರಿಶೀಲಿಸಬಹುದು.

'ಏರಿ ತಿರುಗು': ಒಂದು ಮುಗಿದ ಬಳಿಕ ಇನ್ನೊಂದು. ಇದು ಅನುಕ್ರಮ.
'ಏರುತ್ತ ತಿರುಗು': ಎರಡೂ ಏಕಕಾಲದಲ್ಲಿ. ಇದು ಸಮಾಂತರ ಕ್ರಿಯೆ.
'ಏರಿದರೆ ತಿರುಗು': ಇದು ಷರತ್ತು.
'ಏರಿದೊಡನೆ ತಿರುಗು': ಘಟನೆಯೊಂದಕ್ಕೆ ಪ್ರತಿಕ್ರಿಯೆ.
'ಏರುವ ತನಕ ತಿರುಗು': ನಿಲುಗಡೆಯುಳ್ಳ ಆವೃತ್ತಿ.
'ಏರದೆ ತಿರುಗು': ನಿಷೇಧ.

'ಏರಿ, ಮುಂದಕ್ಕೆ ಸಾಗಿ, ಬಲಕ್ಕೆ ತಿರುಗಿ, ಇಳಿ' ಎಂದು ನಾವು ಸಹಜವಾಗಿ ಆಡುವ ಮಾತೇ ನಾಲ್ಕು ಬ್ಲಾಕ್‌ಗಳ ಒಂದು ಸರಪಳಿ. ಶಾಲೆಯ ವ್ಯಾಕರಣ ಪಾಠದಲ್ಲಿ ಕೃದಂತಾವ್ಯಯಗಳೆಂದು ಬಾಯಿಪಾಠ ಮಾಡಿಸಿ ಮರೆಯುವ ರೂಪಗಳು ಇಲ್ಲಿ ಯಂತ್ರವನ್ನು ನಡೆಸುವ ಚುಕ್ಕಾಣಿಗಳಾಗುತ್ತವೆ. ಅನ್ಯಭಾಷೆಯ ವ್ಯಾಕರಣದ ಅಚ್ಚಿನಲ್ಲಿ ಕನ್ನಡವನ್ನು ಎರಕ ಹೊಯ್ಯುವುದು ಸಲ್ಲದೆಂದು ಡಿ. ಎನ್. ಶಂಕರ ಭಟ್ಟರು 'ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ' ಮೊದಲಾದ ಗ್ರಂಥಗಳಲ್ಲಿ ವಾದಿಸಿದ್ದಾರೆ. ಅವರು ಮುಖ್ಯವಾಗಿ ಸಂಸ್ಕೃತದ ಅಚ್ಚನ್ನು ಕುರಿತು ಎತ್ತಿದ ಆಕ್ಷೇಪಗಳೂ ಇಂದು ಬ್ಲಾಕ್‌ಗಳ ಅನುವಾದಕರಿಗೆ ಅಷ್ಟೇ ಅನ್ವಯಿಸುತ್ತವೆ.

6. 'ಇರುವ ತನಕ', 'ಆಗುವ ತನಕ'

ಕನ್ನಡದ ಬ್ಲಾಕ್‌ಗಳಲ್ಲಿ ಅತ್ಯಂತ ಅಪಾಯದ ಸ್ಥಾನವೊಂದಿದೆ. ಇಂಗ್ಲಿಷಿನ ವೈಲ್, ಅಂಟಿಲ್ ಎಂಬವು ಪರಸ್ಪರ ವಿರುದ್ಧ ಅರ್ಥದವು. ಮೊದಲನೆಯದು ಷರತ್ತು ನಿಜವಾಗಿರುವಷ್ಟು ಕಾಲ ಕೆಲಸ ಮಾಡಿಸುತ್ತದೆ. ಎರಡನೆಯದು ಷರತ್ತು ನಿಜವಾದೊಡನೆ ಕೆಲಸ ಬಿಡಿಸುತ್ತದೆ. ಕನ್ನಡದಲ್ಲಿ 'ತನಕ', 'ವರೆಗೆ' ಎಂಬ ಅವ್ಯಯಗಳು ಎರಡಕ್ಕೂ ಸಲ್ಲುತ್ತವೆ. 'ಅಡ್ಡಿ ಇರುವ ತನಕ ನಿಂತಿರು' ಎಂದರೆ ಮೊದಲನೆಯದು. 'ಅಡ್ಡಿ ಬರುವ ತನಕ ಸಾಗು' ಎಂದರೆ ಎರಡನೆಯದು. ಅರ್ಥವನ್ನು ನಿರ್ಣಯಿಸುವುದು ಅವ್ಯಯವಲ್ಲ, ಅದರ ಹಿಂದಿನ ಧಾತು. 'ಇರು' ಸ್ಥಿತಿಯನ್ನು ಹೇಳುತ್ತದೆ. 'ಬರು', 'ಆಗು' ಸ್ಥಿತಿಯ ಬದಲಾವಣೆಯನ್ನು ಹೇಳುತ್ತವೆ. ಮಾತಿನಲ್ಲಿ ಇದರಿಂದ ಯಾವ ತೊಂದರೆಯೂ ಇಲ್ಲ. ಬ್ಲಾಕ್‌ನಲ್ಲಿ ಮಾತ್ರ ಷರತ್ತಿನ ಜಾಗ ಖಾಲಿಯಾಗಿರುವುದರಿಂದ, 'ನಿಜವಾಗಿರುವವರೆಗೆ', 'ನಿಜವಾಗುವವರೆಗೆ' ಎಂಬ ಎರಡು ಶೀರ್ಷಿಕೆಗಳ ನಡುವೆ ಅವಸರದ ಕಣ್ಣಿಗೆ ಅಂತರವೇ ಕಾಣುವುದಿಲ್ಲ.

ವಿದ್ಯಾರ್ಥಿನಿಯೊಬ್ಬಳು ಡ್ರೋನನ್ನು 200 ಸೆಂ.ಮೀ. ಎತ್ತರಕ್ಕೆ ಏರಿಸಬೇಕೆಂದು ಭಾವಿಸೋಣ. 'ಎತ್ತರ 200 ಅಥವಾ ಹೆಚ್ಚು' ಎಂಬ ಷರತ್ತನ್ನು 'ನಿಜವಾಗುವವರೆಗೆ' ಎಂಬ ಬ್ಲಾಕ್‌ನಲ್ಲಿಟ್ಟರೆ ಡ್ರೋನ್ ಏರುತ್ತದೆ. ತಪ್ಪಿ 'ನಿಜವಾಗಿರುವವರೆಗೆ' ಎಂಬುದರಲ್ಲಿಟ್ಟರೆ, ನೆಲದ ಮೇಲಿರುವಾಗ ಆ ಷರತ್ತು ಸುಳ್ಳಾದುದರಿಂದ, ಡ್ರೋನ್ ಅಲುಗುವುದೇ ಇಲ್ಲ. ಇದು ನಿರಪಾಯದ ತಪ್ಪು. ಎದುರಿಗೆ ಅಡ್ಡಿಯಿದೆ, ಅದು ಸರಿಯುವ ತನಕ ಕಾಯಬೇಕು ಎಂಬಲ್ಲಿ ಇದೇ ಅದಲುಬದಲು ನಡೆದರೆ, 'ಅಡ್ಡಿ ಇದೆ' ಎಂಬುದು ಆಗಲೇ ನಿಜವಾದ್ದರಿಂದ ಕಾಯುವ ಕೆಲಸ ಅಲ್ಲಿಗೇ ಮುಗಿಯುತ್ತದೆ; ಡ್ರೋನ್ ನೇರವಾಗಿ ಅಡ್ಡಿಯ ಮೇಲೆ ಹೋಗುತ್ತದೆ. ಗಣಪ್ರಸ್ತಾರದಲ್ಲಿ 'ಎಲ್ಲವೂ ಲಘುವಾಗುವ ತನಕ' ಎಂಬುದನ್ನು 'ಎಲ್ಲವೂ ಲಘುವಾಗಿರುವ ತನಕ' ಎಂದು ಓದಿದವನು ಮಗಣವನ್ನು ಬರೆದು ಲೇಖನಿಯನ್ನು ಕೆಳಗಿಡುವಂತೆಯೇ ಇದು.

ಪರಿಹಾರವನ್ನು ಕನ್ನಡವೇ ಒದಗಿಸುತ್ತದೆ. ಸ್ಥಿತಿ ಮುಂದುವರಿಯುವಲ್ಲಿ 'ಇರುವಷ್ಟು ಹೊತ್ತು' ಎಂದೂ, ಸ್ಥಿತಿ ಬದಲಾಗಬೇಕಾದಲ್ಲಿ 'ಆಗುವ ತನಕ' ಎಂದೂ ನಿಯತವಾಗಿ ಬಳಸಿದರೆ ಎರಡು ಬ್ಲಾಕ್‌ಗಳು ಕಿವಿಗೂ ಕಣ್ಣಿಗೂ ಬೇರೆಯಾಗುತ್ತವೆ. ಬ್ಲಾಕ್ಲಿಯಲ್ಲಿ ಈ ಎರಡು ಆಯ್ಕೆಗಳು ಒಂದೇ ಬ್ಲಾಕ್‌ನಲ್ಲಿ, ಷರತ್ತಿಗಿಂತ ಮೊದಲೇ ಬರುವಂತೆ ಇವೆ. ಕನ್ನಡಕ್ಕೆ ಅವು ಷರತ್ತಿನ ಅನಂತರ ಬರುವ ಎರಡು ಬೇರೆ ಬ್ಲಾಕ್‌ಗಳಾಗಿರುವುದು ಲೇಸು.

ಇನ್ನೊಂದು ಸೂಕ್ಷ್ಮವನ್ನೂ ಇಲ್ಲಿ ಹೇಳಬೇಕು. '200 ಮುಟ್ಟುವ ತನಕ' ಎಂಬ ಮಾತು ಸುಂದರವಾದರೂ ಅಪಾಯಕಾರಿ. ಸಿಮ್ಯುಲೇಟರ್ ಎತ್ತರವನ್ನು ತುಣುಕು ತುಣುಕಾಗಿ ಅಳೆಯುವುದರಿಂದ ಒಂದು ಅಳತೆಯಲ್ಲಿ 198, ಮುಂದಿನದರಲ್ಲಿ 203 ಕಾಣಿಸಬಹುದು. ಸರಿಯಾಗಿ 200 ಎಂದೂ ಬಾರದೆ ಡ್ರೋನ್ ಏರುತ್ತಲೇ ಹೋಗಬಹುದು. 'ಮುಟ್ಟು' ಎನ್ನುವ ಬದಲು 'ಮುಟ್ಟು ಅಥವಾ ದಾಟು' ಎನ್ನುವ ವಿವೇಕವನ್ನು ಮಗು ಇಲ್ಲಿ ಕಲಿಯುತ್ತದೆ.

7. ವಿಭಕ್ತಿ ಮತ್ತು ಸಂಧಿ

ಬ್ಲಾಕ್‌ನ ಖಾಲಿ ಸ್ಥಳದಲ್ಲಿ ಕೂರುವ ನಾಮಪದ ಬದಲಾಗುತ್ತಿರುತ್ತದೆ. ವಿಭಕ್ತಿ ಪ್ರತ್ಯಯವಾದರೋ ನಾಮಪದದ ಅಂತ್ಯವನ್ನು ನೋಡಿಕೊಂಡು ಸಂಧಿಯಾಗುತ್ತದೆ. ಎತ್ತರವನ್ನು, ಬ್ಯಾಟರಿಯನ್ನು, ದಿಕ್ಕನ್ನು: ಒಂದೆಡೆ ವಕಾರಾಗಮ, ಒಂದೆಡೆ ಯಕಾರಾಗಮ, ಒಂದೆಡೆ ಲೋಪ. ಯಂತ್ರ ಬರಿಯ 'ಅನ್ನು' ಎಂಬುದನ್ನು ಅಂಟಿಸಿದರೆ 'ಎತ್ತರ ಅನ್ನು' ಎಂಬ ವಿಕಾರ ರೂಪ ಉಳಿಯುತ್ತದೆ. ಇದಕ್ಕೆ 'ಎಂಬ' ಎನ್ನುವ ಪದವೇ ಮದ್ದು. 'ಎತ್ತರ ಎಂಬ ಅಳತೆಯನ್ನು 50 ಮಾಡು' ಎಂದಾಗ ಪ್ರತ್ಯಯದ ಭಾರ ಬದಲಾಗದ 'ಅಳತೆ' ಎಂಬ ಪದದ ಮೇಲೆ ಬೀಳುತ್ತದೆ. ಖಾಲಿ ಸ್ಥಳದಲ್ಲಿ ಯಾವ ಪದ ಕುಳಿತರೂ ವಾಕ್ಯ ಕೆಡುವುದಿಲ್ಲ.

ಚತುರ್ಥೀ ಪ್ರತ್ಯಯದಿಂದ ಆಗುವ ಉಪಕಾರವೂ ಸಣ್ಣದಲ್ಲ. 'ಮುಂದೆ', 'ಮೇಲೆ' ಎಂಬವು ಕನ್ನಡದಲ್ಲಿ ಸ್ಥಳವನ್ನೂ ಕಾಲವನ್ನೂ ಸೂಚಿಸುತ್ತವೆ. 'ಹಾರಿದ ಮೇಲೆ' ಎಂಬುದು ಕಾಲವಾಚಿ. 'ಮುಂದಕ್ಕೆ', 'ಮೇಲಕ್ಕೆ' ಎಂದರೆ ದಿಕ್ಕು ಮಾತ್ರ ಉಳಿಯುತ್ತದೆ. ಈ ದಿಕ್ಕು ನೋಡುವವನದಲ್ಲ, ಡ್ರೋನಿನದೆಂಬುದನ್ನು ಶಿಕ್ಷಕರು ಒತ್ತಿ ಹೇಳಬೇಕು. ಡ್ರೋನ್ ನಮ್ಮತ್ತ ಮುಖ ಮಾಡಿದಾಗ ಅದರ ಬಲ ನಮ್ಮ ಎಡ.

8. ಒಂದು ಆಕ್ಷೇಪ ಮತ್ತು ಸಮಾಧಾನ

ಕೊನೆಗೆ ಮಕ್ಕಳು ಇಂಗ್ಲಿಷ್ ಪದಗಳುಳ್ಳ ಪೈಥಾನ್ ಮುಂತಾದ ಭಾಷೆಗಳಿಗೇ ಹೋಗಬೇಕಾದ್ದರಿಂದ ನಡುವೆ ಈ ಕನ್ನಡವೇಕೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದುದೇ. ಆದರೆ ಬ್ಲಾಕ್‌ನ ಮೇಲಿನ ಬರಹ ಬೇರೆ, ಅದರೊಳಗಿನ ಆಜ್ಞೆ ಬೇರೆ. ಕನ್ನಡದ ಬ್ಲಾಕ್‌ನಿಂದಲೂ ಬ್ಲಾಕ್ಲಿಯು ಅದೇ ಪೈಥಾನ್ ಅಥವಾ ಜಾವಾಸ್ಕ್ರಿಪ್ಟ್ ಬರಹವನ್ನು ಉತ್ಪಾದಿಸಬಲ್ಲದು. ಮಗು ಮೊದಲು ಆಲೋಚನೆಯನ್ನು ತನ್ನ ಮಾತಿನಲ್ಲಿ ಹಿಡಿದು, ಅನಂತರ ಅದೇ ಪರದೆಯ ಮಗ್ಗುಲಲ್ಲಿ ಅದರ ಇಂಗ್ಲಿಷ್ ರೂಪವನ್ನು ಕಾಣಬಹುದು. ಆಲೋಚನೆ ಮತ್ತು ಪರಭಾಷೆ ಎಂಬ ಎರಡು ಹೊರೆಗಳನ್ನು ಏಕಕಾಲದಲ್ಲಿ ಹೊರಿಸದಿರುವುದೇ ಇದರ ಲಾಭ. ಡ್ರೋನ್, ಬ್ಯಾಟರಿ, ಮೋಟಾರು ಎಂಬ ರೂಢಿಯ ಪದಗಳನ್ನು ಇದ್ದಂತೆಯೇ ಉಳಿಸಿಕೊಳ್ಳಬೇಕು. ಅನ್ಯದೇಶ್ಯ ನಾಮಪದಗಳಿಂದ ಕನ್ನಡ ಕೆಡುವುದಿಲ್ಲ. ಕ್ರಿಯಾರಚನೆ ಸಡಿಲವಾದರೆ ಕೆಡುತ್ತದೆ.

9. ಉಪಸಂಹಾರ

ಮೇಲಿನ ವಿವೇಚನೆಯಿಂದ ಹೊರಡುವ ಕರ್ತವ್ಯ ಕಂಪ್ಯೂಟರ್ ವಿಭಾಗಗಳದು ಮಾತ್ರವಲ್ಲ, ಕನ್ನಡ ವಿಭಾಗಗಳದು. ಸುಮಾರು ನಲವತ್ತು ಬ್ಲಾಕ್‌ಗಳ ವಾಕ್ಯಗಳನ್ನು ಕನ್ನಡದ ಜಾಯಮಾನಕ್ಕೆ ಒಪ್ಪುವಂತೆ ರಚಿಸಿ, ಸಿಮ್ಯುಲೇಟರಿನಲ್ಲಿ ಮಕ್ಕಳ ಕೈಗೆ ಕೊಟ್ಟು, ಯಾವ ವಾಕ್ಯದಲ್ಲಿ ಡ್ರೋನ್ ಎಡವುತ್ತದೆಂದು ಗುರುತಿಸಿ ತಿದ್ದುವುದು ಒಬ್ಬ ಸ್ನಾತಕೋತ್ತರ ವಿದ್ಯಾರ್ಥಿಯ ಪ್ರಬಂಧಕ್ಕೆ ಸಾಕಾಗುವಷ್ಟು ಕೆಲಸ. ವ್ಯಾಕರಣದ ಒಂದು ನಿರ್ಣಯ ಸರಿಯೋ ತಪ್ಪೋ ಎಂಬುದಕ್ಕೆ ಇಷ್ಟು ಶೀಘ್ರವಾದ, ಇಷ್ಟು ನಿಷ್ಪಕ್ಷಪಾತವಾದ ಪರೀಕ್ಷೆ ನಮ್ಮ ಶಾಸ್ತ್ರಕ್ಕೆ ಹಿಂದೆಂದೂ ದೊರೆತಿರಲಿಲ್ಲ.

ಹೈದರಾಬಾದಿನಲ್ಲಿಯೂ ಗಡಿಯ ಹಳ್ಳಿಗಳಲ್ಲಿಯೂ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ದಖನಿ, ಪುಸ್ತಕದಲ್ಲಿ ಇಂಗ್ಲಿಷ್ ಎಂದು ಬದುಕುವ ಮಕ್ಕಳಿದ್ದಾರೆ. ಕನ್ನಡ ಹಾಡಿಗೆ, ಹಬ್ಬಕ್ಕೆ ಸರಿ, ಯಂತ್ರಕ್ಕೆ ಸಲ್ಲದು ಎಂಬ ತೀರ್ಮಾನಕ್ಕೆ ಆ ಮಕ್ಕಳು ಬಂದುಬಿಟ್ಟರೆ ಅನಂತರ ಯಾವ ಉತ್ಸವವೂ ಅದನ್ನು ಬದಲಿಸಲಾರದು. 'ಅಡ್ಡಿ ಇರುವಷ್ಟು ಹೊತ್ತು ನಿಂತಿರು' ಎಂದು ಕನ್ನಡದಲ್ಲಿ ಹೇಳಿದಾಗ ಡ್ರೋನ್ ನಿಂತರೆ, ತನ್ನ ಮಾತಿಗೆ ಆ ಶಕ್ತಿಯಿದೆಯೆಂದು ಮಗು ತಾನೇ ತಿಳಿಯುತ್ತದೆ.